ಟೈಲ್ಸ್ ಏಳುತ್ತಿದೆಯಾ, ನೆಲ ಕುಸಿಯುತ್ತಿದೆಯಾ? ಒಡೆಸುವ ಮುಂಚೆ ದೋಷ ಹುಡುಕುವ ಬಗೆ

ಹಾಲ್‌ನಲ್ಲಿ ನಾಲ್ಕು ಟೈಲ್ಸ್ ಎದ್ದವು ಅಂದರೆ ಸಾಕು, ಹೆಚ್ಚಿನವರು ಮೊದಲು ಟೈಲ್ಸ್ ಅಂಗಡಿಗೆ ಹೋಗುತ್ತಾರೆ. ಆಮೇಲೆ ಹಾಕಿದ ಮೇಸ್ತ್ರಿಗೆ ಫೋನ್ ಮಾಡಿ ಬಯ್ಯುತ್ತಾರೆ. ದಯವಿಟ್ಟು ಎರಡನ್ನೂ ಸ್ವಲ್ಪ ತಡೆಯಿರಿ. ಕಾರಣ ತಿಳಿಯದೆ ಹೊಸ ಟೈಲ್ಸ್ ಹಾಕಿಸಿದರೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ, ದುಡ್ಡು ಎರಡು ಸಲ ಖರ್ಚಾಗುತ್ತದೆ. ನೆಲ ಕೆಟ್ಟಾಗ ಕಾರಣ ಬಹುತೇಕ ಸಲ ಕಣ್ಣಿಗೆ ಕಾಣುವ ಪದರದಲ್ಲಿ ಇರುವುದಿಲ್ಲ. ಕೆಳಗಿನ ಗಾರೆಯಲ್ಲೋ, ಬೆಡ್ ಕಾಂಕ್ರೀಟಿನಲ್ಲೋ, ತುಂಬಿದ ಮಣ್ಣಿನಲ್ಲೋ ಇರುತ್ತದೆ. ಅದು ಯಾವ ಪದರ ಅಂತ ಮನೆಯವರೇ ಬಹಳ ಮಟ್ಟಿಗೆ ಪತ್ತೆ ಮಾಡಬಹುದು. ಒಂದು ನಾಣ್ಯ, ಒಂದು ಸೀಮೆಸುಣ್ಣ, ಒಂದು ಪ್ಲಾಸ್ಟಿಕ್ ಶೀಟ್ ಇದ್ದರೆ ಅರ್ಧ ಕೆಲಸ ಆಯಿತು.

ಮೊದಲು ಪದರಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನೆಲಮಹಡಿಯಲ್ಲಿ ಎಲ್ಲಕ್ಕಿಂತ ಕೆಳಗೆ ಪಾಯದ ಗೋಡೆಗಳ ನಡುವೆ ತುಂಬಿದ ಮಣ್ಣು. ಅದರ ಮೇಲೆ ಸೈಜುಗಲ್ಲು ಅಥವಾ ದಪ್ಪ ಜಲ್ಲಿಯ ಸೋಲಿಂಗ್. ಅದರ ಮೇಲೆ 3-4 ಇಂಚು ಬೆಡ್ ಕಾಂಕ್ರೀಟ್, ಸಾಮಾನ್ಯವಾಗಿ 1:4:8 ಮಿಶ್ರಣ (ಸಿಮೆಂಟ್, ಮರಳು, ಜಲ್ಲಿ). ಅದರ ಮೇಲೆ ಒಂದೂವರೆ-ಎರಡು ಇಂಚು ಸಿಮೆಂಟ್ ಮರಳಿನ ಗಾರೆ, 1:6 ಲೆಕ್ಕದಲ್ಲಿ. ಅದರ ಮೇಲೆ ಸ್ಲರಿ, ಅಂದರೆ ನೀರಲ್ಲಿ ತೆಳ್ಳಗೆ ಕಲೆಸಿದ ಸಿಮೆಂಟ್, ಕೊನೆಗೆ ಟೈಲ್ಸ್ ಅಥವಾ ಕಲ್ಲು. ಮೇಲ್ಮಹಡಿಯಲ್ಲಿ ಮಣ್ಣೂ ಇಲ್ಲ, ಸೋಲಿಂಗೂ ಇಲ್ಲ. ಸ್ಲ್ಯಾಬ್ ಮೇಲೆ ನೇರವಾಗಿ ಗಾರೆ, ಆಮೇಲೆ ಟೈಲ್ಸ್. ಹಾಗಾಗಿ ಮೊದಲ ಪ್ರಶ್ನೆ ಇದೇ: ದೋಷ ಕಂಡದ್ದು ಯಾವ ಮಹಡಿಯಲ್ಲಿ? ಮೇಲ್ಮಹಡಿಯಲ್ಲಿ ಆಗಿದ್ದರೆ ಮಣ್ಣಿನ ಕುಸಿತ, ನೆಲದಿಂದ ಏರುವ ತೇವ ಎರಡನ್ನೂ ಪಟ್ಟಿಯಿಂದ ತೆಗೆದುಹಾಕಬಹುದು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನೆಲದ ಜೊತೆಗೆ ಗೋಡೆಯಲ್ಲೂ ಓರೆ ಬಿರುಕು ಬಂದಿದ್ದರೆ, ಕಿಟಕಿ ಮೂಲೆಯಿಂದ ಹೊರಟ ಬಿರುಕು ಅಗಲ ಆಗುತ್ತಿದ್ದರೆ, ಇದು ಟೈಲ್ಸ್ ಕೆಲಸ ಅಲ್ಲ. ಪಾಯ ಅಲುಗಾಡುತ್ತಿರಬಹುದು. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ, ಮಿಕ್ಕಿದ್ದು ಆಮೇಲೆ.

ತಟ್ಟಿ ನೋಡಿ, ಗುರುತು ಹಾಕಿ

ಐದು ರೂಪಾಯಿ ನಾಣ್ಯ ಅಥವಾ ಚಿಕ್ಕ ಮರದ ಸುತ್ತಿಗೆ ತೆಗೆದುಕೊಂಡು ಪ್ರತಿ ಟೈಲನ್ನೂ ಐದು ಕಡೆ ತಟ್ಟಿ. ನಾಲ್ಕು ಮೂಲೆ, ಒಂದು ನಡುಭಾಗ. ಗಟ್ಟಿ ಇದ್ದ ಕಡೆ ಸದ್ದು ಮೊಟಕಾಗಿ, ಬಿಗಿಯಾಗಿ ಬರುತ್ತದೆ. ಟೊಳ್ಳಿದ್ದ ಕಡೆ ಡಬ್ ಡಬ್ ಅನ್ನುತ್ತದೆ. ಟೊಳ್ಳು ಕೇಳಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೀಟು ಹಾಕಿ. ಇಡೀ ಕೋಣೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆಯಿರಿ. ಆ ಗುರುತುಗಳ ಆಕಾರವೇ ಅರ್ಧ ಉತ್ತರ.

ಮೂಲೆಗಳಲ್ಲಿ ಮಾತ್ರ ಟೊಳ್ಳು, ನಡುವೆ ಗಟ್ಟಿ ಅಂದರೆ ಟೈಲ್ಸ್ ಬೆನ್ನಿಗೆ ಪೂರ್ತಿ ಹಚ್ಚದೆ ನಡುವೆ ಒಂದಿಷ್ಟು ಉಂಡೆ ಇಟ್ಟು ಒತ್ತಿದ್ದಾರೆ. ಇಂಥ ಟೈಲ್ ಸುಮ್ನೆ ನಡೆದಾಡಿದರೆ ಏನೂ ಆಗದು. ಬೀರು ಎಳೆದಾಗಲೋ, ಗ್ಯಾಸ್ ಸಿಲಿಂಡರ್ ಕುಕ್ಕಿದಾಗಲೋ ಮೂಲೆ ಮುರಿಯುತ್ತದೆ. ಒಂದು ಸಾಲು ಪೂರ್ತಿ ಟೊಳ್ಳು, ಪಕ್ಕದ ಸಾಲು ಗಟ್ಟಿ ಅಂದರೆ ಆ ಸಾಲಿಗೆ ಸುರಿದ ಸ್ಲರಿ ಟೈಲ್ ಇಡುವ ಮುಂಚೆಯೇ ಒಣಗಿದೆ. ಊಟದ ಹೊತ್ತಿಗೆ ಸ್ಲರಿ ಸುರಿದು ಹೋಗಿ, ಬಂದ ಮೇಲೆ ಟೈಲ್ ಇಟ್ಟರೆ ಹೀಗಾಗುತ್ತದೆ. ಗೋಡೆ ಪಕ್ಕದಲ್ಲಿ ಉದ್ದಕ್ಕೂ ಟೊಳ್ಳು, ಅದೂ ನೆಲಮಹಡಿಯಲ್ಲಿ ಅಂದರೆ ಕುಸಿತದ ಅನುಮಾನ. ಕೋಣೆಯ ನಡುವೆ ಎರಡು ಸಾಲು ಸೇರುವ ಕಡೆ ಟೊಳ್ಳಾಗಿ, ಕೈಗೆ ಸ್ವಲ್ಪ ಉಬ್ಬು ಸಿಕ್ಕರೆ ಟೈಲ್ಸ್ ಒಂದನ್ನೊಂದು ಒತ್ತುತ್ತಿವೆ. ಮೇಲ್ಮಹಡಿಯಲ್ಲಿ ನಾಲ್ಕೈದು ಟೈಲ್ಸ್ ದಾಟಿ ಒಂದೇ ನೇರ ಗೆರೆಯಲ್ಲಿ ಬಿರುಕು ಹೋಗಿದೆಯಾ? ಕೆಳಗಿನ ಮಹಡಿಗೆ ಹೋಗಿ ನೋಡಿ, ಅಲ್ಲೇ ಕೆಳಗೆ ಬೀಮೋ ಗೋಡೆಯೋ ಇರುವ ಸಾಧ್ಯತೆ ಜಾಸ್ತಿ. ಸ್ಲ್ಯಾಬ್ ಬೀಮಿನ ಮೇಲೆ ಹಾದುಹೋಗುವ ಕಡೆ ಅದರ ಮೇಲ್ಮೈ ಹಿಗ್ಗುತ್ತದೆ. ಅದಕ್ಕೆ ಗಟ್ಟಿಯಾಗಿ ಅಂಟಿದ ಟೈಲ್ ಸೀಳುತ್ತದೆ.

ಒಂದು ಟೈಲ್ ಎತ್ತಿ, ಬೆನ್ನು ನೋಡಿ

ಎಲ್ಲಕ್ಕಿಂತ ಖಚಿತ ಪರೀಕ್ಷೆ ಇದು. ಆದರೆ ಮಾಡುವವರು ಕಡಿಮೆ. ಟೊಳ್ಳು ಸದ್ದು ಬಂದ ಒಂದು ಟೈಲನ್ನು ಜೋಪಾನವಾಗಿ ಎತ್ತಿಸಿ. ಸುತ್ತಲಿನ ಜಾಯಿಂಟನ್ನು ಗ್ರೈಂಡರಿನಲ್ಲಿ ಕುಯ್ದು, ಚಪ್ಪಟೆ ಉಳಿಯಿಂದ ಮೀಟಿದರೆ ಟೊಳ್ಳು ಟೈಲ್ ಹೆಚ್ಚು ಹಟ ಮಾಡದೆ ಬರುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ಒತ್ತಡದಲ್ಲಿರುವ ಟೈಲ್ ಚೂರಾಗಿ ಸಿಡಿಯಬಹುದು.

ಈಗ ಬೋರಲು ಹಾಕಿ ನೋಡಿ. ಬೆನ್ನು ಅಂಗಡಿಯಿಂದ ತಂದ ದಿನದಷ್ಟೇ ಸ್ವಚ್ಛವಾಗಿದ್ದು, ಕೆಳಗೆ ಗಾರೆಯ ಮೇಲೆ ಟೈಲಿನ ಗೀರುಗಳ ಅಚ್ಚು ಮಾತ್ರ ಇದ್ದರೆ, ಟೈಲಿಗೂ ಸ್ಲರಿಗೂ ಹಿಡಿತವೇ ಬಿದ್ದಿಲ್ಲ. ವಿಟ್ರಿಫೈಡ್ ಟೈಲ್ಸ್‌ನಲ್ಲಿ ಇದು ತುಂಬ ಸಾಮಾನ್ಯ. ಹಳೆಯ ಸೆರಾಮಿಕ್ ಟೈಲ್ ನೀರು ಕುಡಿಯುತ್ತಿತ್ತು, ಅದರ ಜೊತೆ ಸಿಮೆಂಟೂ ರಂಧ್ರಗಳಿಗೆ ಇಳಿದು ಕಚ್ಚಿಕೊಳ್ಳುತ್ತಿತ್ತು. ವಿಟ್ರಿಫೈಡ್ ಟೈಲ್ ಹೀರುವ ನೀರು ಅದರ ತೂಕದ 0.5%ಗಿಂತ ಕಡಿಮೆ. ಸಿಮೆಂಟ್ ಹಿಡಿಯಲು ಜಾಗವೇ ಇಲ್ಲ. ಇದಕ್ಕೆ ಪಾಲಿಮರ್ ಬೆರೆತ ಟೈಲ್ ಅಡ್ಹೆಸಿವ್ ಬೇಕು. ಚೀಲದ ಮೇಲೆ ಐಎಸ್ 15477 (ಟೈಲ್ ಅಡ್ಹೆಸಿವ್‌ನ ಭಾರತೀಯ ಮಾನದಂಡ) ಅಂತ ಇದೆಯಾ, ಯಾವ ಟೈಪ್ ಅಂತ ಬರೆದಿದೆ, ನೋಡಿ ತೆಗೆದುಕೊಳ್ಳಿ. ಟೈಲ್ ಬೆನ್ನನ್ನು ಬೆರಳಲ್ಲಿ ಉಜ್ಜಿ ನೋಡುವುದನ್ನೂ ಮರೆಯಬೇಡಿ. ಬಿಳಿ ಪುಡಿ ಬೆರಳಿಗೆ ಹತ್ತಿದರೆ ಅದು ಕುಲುಮೆಯಲ್ಲಿ ಟೈಲ್ ಅಂಟದಿರಲಿ ಅಂತ ಕಾರ್ಖಾನೆಯಲ್ಲಿ ಬಳಿದದ್ದು. ಒದ್ದೆ ಬಟ್ಟೆಯಿಂದ ಒರೆಸದೆ ಹಾಕಿದರೆ ಒಳ್ಳೆಯ ಅಡ್ಹೆಸಿವ್ ಕೂಡ ಆ ಪುಡಿಯನ್ನು ಹಿಡಿಯುತ್ತದೆ, ಟೈಲನ್ನಲ್ಲ.

ಗಾರೆ ಪೂರ್ತಿ ಟೈಲಿಗೇ ಅಂಟಿಕೊಂಡು ಹಲಗೆಯಾಗಿ ಮೇಲೆ ಬಂತು, ಕೆಳಗೆ ಸ್ಲ್ಯಾಬ್ ಕಾಣುತ್ತಿದೆ ಅನ್ನಿ. ಆಗ ಟೈಲ್ಸ್ ಹಾಕಿದ್ದು ಸರಿ ಇದೆ, ಗಾರೆಗೂ ಸ್ಲ್ಯಾಬಿಗೂ ಹಿಡಿತ ತಪ್ಪಿದೆ. ಸ್ಲ್ಯಾಬ್ ಮೇಲಿದ್ದ ಪೇಂಟ್ ಚುಕ್ಕೆ, ಪ್ಲಾಸ್ಟರ್ ಧೂಳು, ಮರದ ಹೊಟ್ಟು ಗುಡಿಸದೆ ಗಾರೆ ಹರಡಿರುತ್ತಾರೆ. ಮೂರನೆಯದು, ಗಾರೆ ನಡುವೆಯೇ ಬಿಟ್ಟುಕೊಂಡು, ಬೆರಳಲ್ಲಿ ಕೆರೆದರೆ ಮರಳು ಉದುರುವುದು. ಇಲ್ಲಿ ಸಿಮೆಂಟ್ ಕಡಿಮೆ ಬಿದ್ದಿದೆ, ಇಲ್ಲವೇ ಕಲೆಸಿ ಗಂಟೆಗಟ್ಟಲೆ ಬಿಟ್ಟು ಮತ್ತೆ ನೀರು ಹಾಕಿ ಬಳಸಿದ್ದಾರೆ, ಇಲ್ಲವೇ ಕ್ಯೂರಿಂಗ್ (ಗಟ್ಟಿಯಾಗುವವರೆಗೆ ನೀರು ಹಾಕಿ ಒದ್ದೆ ಇಡುವುದು) ಆಗಿಲ್ಲ. ಮೊದಲನೆಯ ದೋಷಕ್ಕೆ ಟೈಲ್ಸ್ ಮಾತ್ರ ಎತ್ತಿ ಅಡ್ಹೆಸಿವ್‌ನಲ್ಲಿ ಕೂರಿಸಿದರೆ ಸಾಕು. ಎರಡು ಮತ್ತು ಮೂರಕ್ಕೆ ಗಾರೆಯನ್ನೇ ತೆಗೆಯಬೇಕು. ಖರ್ಚು ಎಷ್ಟು ಬೇರೆ ಆಗುತ್ತದೆ ನೋಡಿ.

ಅಲ್ಲೊಂದು ಇಲ್ಲೊಂದು ಟೊಳ್ಳಿದ್ದು, ಟೈಲ್ ಅಲುಗಾಡದೆ ಇದ್ದರೆ ಒಡೆಯುವುದೇ ಬೇಡ. ಜಾಯಿಂಟಿನಲ್ಲಿ ಸಣ್ಣ ತೂತು ಕೊರೆದು ಎಪಾಕ್ಸಿ ಗ್ರೌಟ್ ಇಂಜೆಕ್ಷನ್ ಮಾಡಿಸಬಹುದು. ಕೆಳಗಿನ ಗಾರೆ ಗಟ್ಟಿ ಇದ್ದರೆ ಮಾತ್ರ ಇದು ನಿಲ್ಲುತ್ತದೆ. ಮರಳು ಉದುರುವ ಗಾರೆಗೆ ಎಷ್ಟು ತುಂಬಿಸಿದರೂ ವ್ಯರ್ಥ.

ಗುಡಾರದ ಹಾಗೆ ಎದ್ದು ನಿಂತರೆ

ರಾತ್ರಿ ಹೊತ್ತು ಢಬ್ ಅಂತ ಸದ್ದಾಗಿ, ಬೆಳಿಗ್ಗೆ ನೋಡಿದರೆ ಎರಡು ಸಾಲು ಟೈಲ್ಸ್ ಗುಡಾರದ ಹಾಗೆ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಮನೆಯವರು ಹೆದರುವುದು ಸಹಜ. ಕಾರಣ ಮಾತ್ರ ಸರಳ, ಟೈಲ್ಸ್‌ಗೆ ಜಾಗ ಸಾಲಲಿಲ್ಲ. ಕಾಂಕ್ರೀಟ್ ಮೊದಲ ಕೆಲವು ವರ್ಷ ಒಣಗುತ್ತಾ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಮೇಲಿನ ಟೈಲ್ ಕುಗ್ಗುವುದಿಲ್ಲ. ಬಿಸಿಲಿಗೆ ಚಳಿಗೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಟೈಲ್ಸ್ ನಡುವೆ ಸಂದಿಯೇ ಬಿಡದೆ ಕೂಡಿಸಿ, ನಾಲ್ಕೂ ಗೋಡೆಗೆ ತಾಗಿಸಿ ಹಾಕಿದ್ದರೆ ಒತ್ತಡ ಹೋಗಲು ದಾರಿ ಇಲ್ಲ. ಹಿಡಿತ ಎಲ್ಲಿ ಕಮ್ಮಿಯೋ ಅಲ್ಲಿ ಏಳುತ್ತದೆ.

ಖಾತ್ರಿ ಮಾಡಿಕೊಳ್ಳಬೇಕಾ? ಎದ್ದ ಟೈಲನ್ನು ತೆಗೆದು ಅದೇ ಜಾಗಕ್ಕೆ ಮತ್ತೆ ಕೂರಿಸಲು ನೋಡಿ. ಕೂರುವುದಿಲ್ಲ. ಒಂದೆರಡು ಮಿಲಿಮೀಟರ್ ಜಾಗ ಕಮ್ಮಿ ಬಿದ್ದಿರುತ್ತದೆ. ಅಳತೆಪಟ್ಟಿ ಹಿಡಿದು ಮನೆಯವರಿಗೆ ತೋರಿಸಿದರೆ ವಾದವೇ ಇರುವುದಿಲ್ಲ.

“ಸಂದಿ ಬಿಟ್ಟರೆ ಚೆನ್ನಾಗಿ ಕಾಣಲ್ಲ, ಸಾರ್” ಅಂತ ಹಾಕುವವರು ಹೇಳುತ್ತಾರೆ. ಮನೆಯವರಿಗೂ ಅದೇ ಇಷ್ಟ. ಈ ಒಂದು ವಿಷಯದಲ್ಲಿ ದಯವಿಟ್ಟು ಸೋಲಬೇಡಿ. ಟೈಲ್ ಟೈಲ್ ನಡುವೆ 2-3 ಮಿಲಿಮೀಟರ್ ಸ್ಪೇಸರ್ ಇರಲಿ. ಸುತ್ತ ಗೋಡೆ ಪಕ್ಕ 6-8 ಮಿಲಿಮೀಟರ್ ಖಾಲಿ ಬಿಡಿ, ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಬಂದು ಅದನ್ನು ಮುಚ್ಚುತ್ತದೆ. ಆ ಸಂದಿಗೆ ಗಾರೆ ಉದುರಿ ತುಂಬದಂತೆ ನೋಡಿಕೊಳ್ಳಿ, ತುಂಬಿದರೆ ಬಿಟ್ಟದ್ದು ದಂಡ. ದೊಡ್ಡ ಹಾಲ್ ಆದರೆ 20-25 ಅಡಿಗೆ ಒಂದು ಜಾಯಿಂಟನ್ನು ಸಿಮೆಂಟ್ ಗ್ರೌಟ್ ಬದಲು ಮೆತ್ತಗಿನ ಸೀಲಂಟ್‌ನಲ್ಲಿ ತುಂಬಿಸಿ. ಬಾಗಿಲ ಹೊಸ್ತಿಲ ಗೆರೆ ಇದಕ್ಕೆ ಒಳ್ಳೆಯ ಜಾಗ, ಕಣ್ಣಿಗೆ ಬೀಳುವುದಿಲ್ಲ. ಈಗಾಗಲೇ ಎದ್ದಿರುವ ಮನೆಯಲ್ಲಿ ಮೊದಲು ಗೋಡೆ ಪಕ್ಕದ ಸಾಲನ್ನು ಕುಯ್ಸಿ ಒತ್ತಡ ಬಿಡಿಸಿ, ಆಮೇಲೆ ಎದ್ದ ಜಾಗ ಸರಿಮಾಡಿಸಿ. ಎದ್ದದ್ದನ್ನು ಮಾತ್ರ ಬದಲಿಸಿದರೆ ಮುಂದಿನ ಸಾಲು ಏಳುತ್ತದೆ.

ನೆಲ ಇಳಿದಿದ್ದರೆ

ಸ್ಕರ್ಟಿಂಗ್ ಕೆಳಗೆ ನೋಡಿ. ಅದಕ್ಕೂ ನೆಲಕ್ಕೂ ನಡುವೆ ಕಾರ್ಡ್ ತೂರುವಷ್ಟು ಸಂದಿ ಬಂದಿದೆಯಾ? ಗೋಡೆ ಪಾಯದ ಮೇಲೆ ನಿಂತಿದೆ, ಅದು ಇಳಿದಿಲ್ಲ. ನೆಲ ತುಂಬಿದ ಮಣ್ಣಿನ ಮೇಲೆ ನಿಂತಿದೆ, ಅದು ಇಳಿದಿದೆ. ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ನಾಲ್ಕು ಗೋಡೆಗೂ ಒಂದೇ ಮಟ್ಟದ ಗೆರೆ ಎಳೆಯಿರಿ. ಆ ಗೆರೆಯಿಂದ ನೆಲಕ್ಕೆ ಎಷ್ಟು ಅಂತ ಅಲ್ಲಲ್ಲಿ ಅಳೆದು, ತಾರೀಖು ಹಾಕಿ ಬರೆದಿಡಿ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯಿರಿ. ಅಂಕಿ ಬದಲಾಗದಿದ್ದರೆ ಕುಸಿತ ನಿಂತಿದೆ, ಧೈರ್ಯವಾಗಿ ರಿಪೇರಿ ಮಾಡಿಸಬಹುದು. ಇನ್ನೂ ಇಳಿಯುತ್ತಿದ್ದರೆ ಮೇಲೆ ಏನು ಹಾಕಿದರೂ ಇಳಿಯುತ್ತದೆ.

ಪಾಯದೊಳಗೆ ತುಂಬುವ ಮಣ್ಣನ್ನು ಅರ್ಧ ಅಡಿ, ಹೆಚ್ಚೆಂದರೆ ಮುಕ್ಕಾಲು ಅಡಿಯ ಪದರಗಳಾಗಿ ಹಾಕಿ, ನೀರು ಬಿಟ್ಟು, ದಮ್ಮಸ್ ಹೊಡೆದು ಗಟ್ಟಿ ಮಾಡಬೇಕು. ಬೆಂಗಳೂರಿನಂಥ ಕಡೆ ಒಡೆದ ಕಟ್ಟಡದ ಡೆಬ್ರಿಸ್ ಒಂದೇ ಸಲ ಸುರಿದು ಮೇಲೆ ಮಣ್ಣು ಹರಡುವುದು ಜಾಸ್ತಿ ನಡೆಯುತ್ತದೆ. ಇಟ್ಟಿಗೆ ಚೂರುಗಳ ನಡುವಿನ ಖಾಲಿ ಜಾಗಕ್ಕೆ ಮಣ್ಣು ನಿಧಾನವಾಗಿ ಇಳಿಯುತ್ತದೆ. ಗೋಡೆ ಅಂಚಿಗೆ ದಮ್ಮಸ್ ಸರಿಯಾಗಿ ತಲುಪದ ಕಾರಣ ಕುಸಿತ ಅಲ್ಲಿಂದಲೇ ಶುರು. ಅನುಮಾನ ಇದ್ದರೆ ಟೈಲ್ ಎತ್ತಿದ ಜಾಗದಲ್ಲಿ ಬೆಡ್ ಕಾಂಕ್ರೀಟಿಗೆ ಒಂದು ತೂತು ಕೊರೆಸಿ, ಕಬ್ಬಿಣದ ಸಲಾಕೆ ಇಳಿಬಿಡಿ. ಮಣ್ಣು ತಾಗುವ ಮುಂಚೆ ಸರಕ್ಕನೆ ಒಳಗೆ ಹೋದರೆ ಕೆಳಗೆ ಪೊಳ್ಳಿದೆ.

ಕುಸಿದ ಜಾಗ ಒದ್ದೆಯೂ ಇದ್ದರೆ ಪೈಪ್ ಸೋರಿ ಮಣ್ಣು ಕೊಚ್ಚಿಕೊಂಡು ಹೋಗುತ್ತಿರಬಹುದು. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮುಂಚೆ ನೋಡಿ. ಇಳಿದಿದ್ದರೆ ಪ್ಲಂಬರ್ ಮೊದಲು, ಮೇಸ್ತ್ರಿ ಆಮೇಲೆ. ಚರಂಡಿ ಪೈಪ್ ಒಡೆದಿದ್ದರೆ ಈ ಪರೀಕ್ಷೆಗೆ ಸಿಗದು, ಅದಕ್ಕೆ ಚೇಂಬರ್ ಮುಚ್ಚಳ ತೆಗೆದು ನೀರು ಬಿಟ್ಟು ನೋಡಬೇಕು.

ಎರೆಮಣ್ಣಿನ ಊರುಗಳ ಕಥೆ ಬೇರೆ. ಗದಗ, ವಿಜಯಪುರ, ಕಲಬುರಗಿ, ರಾಯಚೂರು ಕಡೆ ನೆಲ ಇಳಿಯುವುದಕ್ಕಿಂತ ಉಬ್ಬುವುದು ಜಾಸ್ತಿ. ಮಳೆಗಾಲದಲ್ಲಿ ಕೋಣೆಯ ನಡುಭಾಗ ಮೇಲೆದ್ದು, ಬಾಗಿಲು ನೆಲಕ್ಕೆ ಉಜ್ಜುತ್ತದೆ. ಬೇಸಿಗೆಯಲ್ಲಿ ಸರಿಹೋದಂತೆ ಕಾಣುತ್ತದೆ. ತುಂಬಿದ ಮಣ್ಣು ಉಬ್ಬುವ ಜಾತಿಯದೋ ಅಂತ ನೋಡಲು ಐಎಸ್ 2720ರ 40ನೇ ಭಾಗದಲ್ಲಿ ಹೇಳಿದ ಪರೀಕ್ಷೆ ಇದೆ. ಒಣ ಮಣ್ಣನ್ನು ಪುಡಿ ಮಾಡಿ, ನುಣ್ಣಗೆ ಜರಡಿ ಹಿಡಿದು, 10 ಗ್ರಾಂನಂತೆ ಎರಡು ಪಾಲು ಮಾಡಿ. ಒಂದನ್ನು ಅಳತೆ ಗುರುತಿರುವ 100 ಮಿಲಿಲೀಟರ್ ಜಾಡಿಯಲ್ಲಿ ನೀರಿಗೆ, ಇನ್ನೊಂದನ್ನು ಅಂಥದೇ ಜಾಡಿಯಲ್ಲಿ ಸೀಮೆಎಣ್ಣೆಗೆ ಹಾಕಿ ಕಲಕಿ, ಕನಿಷ್ಠ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಜಾಡಿಯಲ್ಲಿ ಮಣ್ಣಿನ ಮಟ್ಟ ಸೀಮೆಎಣ್ಣೆಯದಕ್ಕಿಂತ ಅರ್ಧದಷ್ಟು, ಅಂದರೆ 50%, ಜಾಸ್ತಿ ನಿಂತರೆ ಆ ಮಣ್ಣನ್ನು ನೆಲದ ಕೆಳಗೆ ಇಟ್ಟುಕೊಳ್ಳಬೇಡಿ. ಅಗೆಸಿ ತೆಗೆಸಿ, ಗರಸು ತುಂಬಿಸಿ. ಹೊಸ ಮನೆ ಕಟ್ಟುವವರಿಗೆ ಇದು ಪಾಯ ಹಾಕುವ ಮುಂಚೆಯೇ ಮಾಡುವ ಕೆಲಸ. ಮನೆ ಸುತ್ತ ನೀರು ನಿಲ್ಲದಂತೆ ಇಳಿಜಾರಿನ ಕಾಂಕ್ರೀಟ್ ಅಂಚು ಕಟ್ಟಿಸಿದರೆ ಒಳಗಿನ ಉಬ್ಬು ಎಷ್ಟೋ ಕಡಿಮೆ ಆಗುತ್ತದೆ.

ತೇವ ಎಲ್ಲಿಂದ?

ಮಂಗಳೂರು, ಉಡುಪಿ, ಕಾರವಾರ ಕಡೆಯವರು ಮಳೆಗಾಲದಲ್ಲಿ ನೆಲ ಬೆವರುವುದನ್ನು ನೋಡಿರುತ್ತಾರೆ. ವಾಟರ್‌ಪ್ರೂಫಿಂಗ್ ಅಂತ ಸಾವಿರಗಟ್ಟಲೆ ಸುರಿಯುವ ಮುಂಚೆ ಒಂದು ಪ್ಲಾಸ್ಟಿಕ್ ಶೀಟ್ ತೆಗೆದುಕೊಳ್ಳಿ. ಒಂದೂವರೆ ಅಡಿ ಚೌಕ ಸಾಕು. ಟೈಲ್ ಎತ್ತಿದ ಜಾಗದಲ್ಲೋ, ಗಾರೆ ನೆಲವಾದರೆ ನೇರ ನೆಲದ ಮೇಲೋ ಹರಡಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಶೀಟಿನ ಮೇಲೆ ಹನಿ ಕಂಡರೆ ಅದು ಗಾಳಿಯ ತೇವ, ತಣ್ಣಗಿನ ನೆಲಕ್ಕೆ ತಾಗಿ ನೀರಾದದ್ದು. ಶೀಟ್ ಕೆಳಗೆ ಹನಿ ಕಂಡರೆ, ಅಥವಾ ಕಾಂಕ್ರೀಟ್ ಬಣ್ಣ ಕಪ್ಪಗೆ ತಿರುಗಿದ್ದರೆ, ನೀರು ಕೆಳಗಿನಿಂದ ಏರುತ್ತಿದೆ.

ಮೊದಲನೆಯದಕ್ಕೆ ಒಡೆಯುವ ಕೆಲಸವೇ ಇಲ್ಲ. ಹೊರಗೆ ತೇವದ ಗಾಳಿ ಬೀಸುವ ಹೊತ್ತು ಕಿಟಕಿ ಮುಚ್ಚಿ ಫ್ಯಾನ್ ಹಾಕಿ. ಎರಡನೆಯದಕ್ಕೆ ಕಾರಣ ಹುಡುಕಿ. ಹೊರಗಿನ ಅಂಗಳ, ರಸ್ತೆ ಮನೆಯ ನೆಲಕ್ಕಿಂತ ಎತ್ತರ ಆಗಿದೆಯಾ? ಡಾಂಬರು ಮೇಲೆ ಡಾಂಬರು ಬಿದ್ದು ಬೆಂಗಳೂರಿನ ಎಷ್ಟೋ ಹಳೆಯ ಬಡಾವಣೆಗಳಲ್ಲಿ ಮನೆಗಳು ರಸ್ತೆಗಿಂತ ಕೆಳಗೆ ಹೋಗಿವೆ. ಹಾಗಿದ್ದರೆ ಒಳಗಿನ ಯಾವ ಲೇಪವೂ ಪೂರ್ತಿ ಪರಿಹಾರ ಅಲ್ಲ, ಹೊರಗಿನ ನೀರಿಗೆ ದಾರಿ ಮಾಡಬೇಕು. ನೆಲ ಪೂರ್ತಿ ತೆಗೆಸುವುದಾದರೆ ಸೋಲಿಂಗನ್ನು ದಪ್ಪ ಕಲ್ಲಿನಲ್ಲೇ ಹಾಕಿಸಿ, ಕಲ್ಲುಗಳ ನಡುವಿನ ದೊಡ್ಡ ಸಂದಿಯಲ್ಲಿ ನೀರು ಮೇಲೇರಲಾರದು. ಅದರ ಮೇಲೆ ಬೆಡ್ ಕಾಂಕ್ರೀಟಿನ ಕೆಳಗೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿ, ಜೋಡಣೆಯಲ್ಲಿ ಅರ್ಧ ಅಡಿ ಒಂದರ ಮೇಲೊಂದು ಬರಲಿ.

ಜಾಯಿಂಟ್‌ಗಳಲ್ಲಿ ಬಿಳಿ ಪುಡಿ ಹೊರಡುವುದೂ ಇದೇ ನೀರಿನ ಕೆಲಸ. ಗಾರೆಯಲ್ಲಿರುವ ಉಪ್ಪನ್ನು ಕರಗಿಸಿ ಮೇಲೆ ತಂದು ಒಣಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆ್ಯಸಿಡ್ ಹಾಕಿದರೆ ಜಾಯಿಂಟೇ ಹೋಗುತ್ತದೆ.

ಕಲ್ಲು, ಗಾರೆ, ಮರ

ಶಹಾಬಾದ್ ಮತ್ತು ಕಡಪ ಕಲ್ಲು ಎರಡೂ ಸುಣ್ಣದ ಕಲ್ಲಿನ ಜಾತಿ. ಹೊಳಪು ಹೋಗಿ ಬಿಳಿ ಕಲೆ ಬಿದ್ದಿದ್ದರೆ ಕೆಳಗೆ ಹುಡುಕಬೇಡಿ, ಆ್ಯಸಿಡ್, ನಿಂಬೆಹಣ್ಣು, ಹುಣಸೆ ನೀರು ಬಿದ್ದಿರುತ್ತದೆ. ಮತ್ತೆ ಪಾಲಿಶ್ ಮಾಡಿಸುವುದೊಂದೇ ದಾರಿ. ಗ್ರಾನೈಟ್‌ನಲ್ಲಿ ಕಪ್ಪು ಛಾಯೆ ಕಂಡರೆ ಒಂದು ವಾರ ಅಲ್ಲಿ ನೀರು ಬೀಳದಂತೆ ನೋಡಿ, ಫ್ಯಾನ್ ಗಾಳಿ ಬಿಡಿ. ಛಾಯೆ ಚಿಕ್ಕದಾದರೆ ಕೆಳಗಿನ ತೇವ, ಹಾಗೇ ಇದ್ದರೆ ಎಣ್ಣೆ.

ಕೆಂಪು ಗಾರೆ ನೆಲದಲ್ಲಿ ಕೂದಲೆಳೆಯ ಬಲೆ ಬಿರುಕು ಇದ್ದರೆ ಹಾಕಿದ ದಿನ ಮೇಲ್ಮೈ ಬೇಗ ಒಣಗಿದೆ ಅಷ್ಟೇ, ನೆಲ ಗಟ್ಟಿ ಇರುತ್ತದೆ. ಗೋಡೆಯಿಂದ ಗೋಡೆಗೆ ಒಂದೇ ಬಿರುಕು ಓಡಿದ್ದರೆ ಬೆಡ್ ಸೀಳಿದೆ. ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ, ಮೊದಲೇ ತಿಳಿದಿರಲಿ. ಗಟ್ಟಿ ಇರುವ ಹಳೆಯ ಗಾರೆ ನೆಲವನ್ನು ಒಡೆಸಬೇಡಿ ಅಂತಲೇ ನನ್ನ ಸಲಹೆ. ಅಂಥ ಕೆಲಸ ಬಲ್ಲ ಕೈಗಳು ಈಗ ಸಿಗುವುದು ಕಷ್ಟ.

ಲ್ಯಾಮಿನೇಟ್ ಮರದ ನೆಲದ ಜೋಡಣೆಯಲ್ಲಿ ಅಂಚು ಉಬ್ಬಿದರೆ ನೀರು. ನಡುವೆ ಎದ್ದರೆ ಗೋಡೆ ಪಕ್ಕ 8-10 ಮಿಲಿಮೀಟರ್ ಸಂದಿ ಬಿಟ್ಟಿಲ್ಲ. ನಡೆದಾಗ ಟಕ್ ಟಕ್ ಅಂದರೆ ಕೆಳಗಿನ ನೆಲ ಏರುತಗ್ಗಾಗಿದೆ. 2 ಮೀಟರ್ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದಾಗ 3 ಮಿಲಿಮೀಟರ್ ಮೇಲೆ ತಗ್ಗು ಇರಬಾರದು. ಶೀಟ್ ಪರೀಕ್ಷೆಯಲ್ಲಿ ಕೆಳಗೆ ಹನಿ ಕಂಡ ನೆಲದ ಮೇಲೆ ಮರ ಬೇಡವೇ ಬೇಡ.

ಹಳೆಯ ಟೈಲ್ಸ್ ಮೇಲೆಯೇ ಹೊಸದು ಹಾಕುವುದಾದರೆ ಮೊದಲು ಹೇಳಿದ ತಟ್ಟುವ ಪರೀಕ್ಷೆ ಮಾಡಿ. ಟೊಳ್ಳಾದವನ್ನೆಲ್ಲ ತೆಗೆಸಿ ಗಾರೆ ತುಂಬಿಸಿದ ಮೇಲೆ ಮಾತ್ರ ಮುಂದುವರಿಯಿರಿ. ನೆಲ ಅರ್ಧ ಇಂಚಿಗಿಂತ ಮೇಲೆ ಏರುತ್ತದೆ, ಬಾಗಿಲು ಕುಯ್ಯಬೇಕಾಗುತ್ತದೆ. ಬಾತ್‌ರೂಮಿನಲ್ಲಿ ಈ ಕೆಲಸ ಬೇಡ. ಅಲ್ಲಿ ಜಾಲಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ತೇವ ಕಂಡರೆ ವಾಟರ್‌ಪ್ರೂಫಿಂಗ್ ಪದರ ಹೋಗಿದೆ, ಟೈಲ್ಸ್ ಗಾರೆ ಎಲ್ಲ ಸ್ಲ್ಯಾಬ್‌ವರೆಗೆ ತೆಗೆಸಲೇಬೇಕು. ಹೊಸದು ಹಾಕುವಾಗ ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಜಾರು ಜಾಲಿ ಕಡೆಗೆ ಇರಲಿ, ಬಕೆಟ್ ನೀರು ಸುರಿದು ನೋಡಿ ಒಪ್ಪಿಕೊಳ್ಳಿ.

ಯಾವ ಕೋಣೆಯಾದರೂ ಸರಿ, ಬೆಡ್ ತೆರೆದಿರುವಾಗ ಪೈಪು, ವೈರಿನ ಕೊಳವೆ ಎಲ್ಲಿ ಹೋಗಿದೆ ಅಂತ ಗೋಡೆಯಿಂದ ಅಳತೆ ಹಿಡಿದು ಫೋಟೋ ತೆಗೆದಿಡಿ. ಒಂದು ಪೆಟ್ಟಿಗೆ ಟೈಲ್ಸ್ ಹೆಚ್ಚಿಗೆ ತರಿಸಿ ಅಟ್ಟಕ್ಕೆ ಹಾಕಿ. ಮುಂದೆ ರಿಪೇರಿ ಬಂದಾಗ ಅದೇ ಬ್ಯಾಚಿನ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.